ಬೀಗ ಹಾಕಿದ ನಲವತ್ತೊಂದು ಮನೆ

ಊರಿನಲ್ಲಿ ಎಲ್ಲರೂ ಅವಳನ್ನು ಮೀಟರಕ್ಕ ಎಂದೇ ಕರೆಯುತ್ತಿದ್ದರು. ತಿಂಗಳ ಮೊದಲ ವಾರ ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು, ಚೀಲದಲ್ಲಿ ನಾಯಿಗಳಿಗೆಂದು ನಾಲ್ಕು ಬಿಸ್ಕತ್ತು ಇಟ್ಟುಕೊಂಡು, ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದವಳಿಗೆ ಅಂಕಿ ಕಂಡರೆ ಸಾಕು, ಒಳಗಿನ ಸಂಗತಿ ಅರ್ಧ ತಿಳಿದುಬಿಡುತ್ತಿತ್ತು. ಯಾರ ಮನೆಯ ಫ್ರಿಜ್ಜು ಕೆಟ್ಟಿದೆ, ಯಾರ ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಯಾರ ಮನೆಗೆ ನೆಂಟರು ಬಂದು ಹೋಗುವುದನ್ನೇ ಮರೆತಿದ್ದಾರೆ. ತಿಳಿದದ್ದನ್ನು ಅವಳು ಯಾರ ಮುಂದೆಯೂ ಆಡುತ್ತಿರಲಿಲ್ಲ. ಆದರೆ ತಿಳಿದುಕೊಳ್ಳುವ ಆಸೆ ಮಾತ್ರ ತುಸು ಹೆಚ್ಚೇ ಇತ್ತು. "ನಮ್ಮ ಸೊಸೆ ಮೂಗಿಗೆ ಅಡ್ಡ ಇಡೋಂಥ ಬಾಗಿಲು ಇನ್ನೂ ಯಾವ ಬಡಗಿನೂ ಮಾಡಿಲ್ಲ" ಎಂದು ಅವಳ ಅತ್ತೆ ಹೇಳುತ್ತಿದ್ದಳು.

ಆ ವರ್ಷ ಊರಿಗೊಂದು ವಿಚಿತ್ರ ಕಷ್ಟ ಬಂದಿತ್ತು. ಕೆಲಸಕ್ಕೆಂದು ಬಂದವರಿಗೆ ಇರಲು ಮನೆ ಸಿಗುತ್ತಿರಲಿಲ್ಲ. ಹಾಲಿನ ಸಂಘಕ್ಕೆ ಬಂದ ಪಶುವೈದ್ಯ ಮೂರು ತಿಂಗಳು ಹುಡುಕಿ, ಕೈಚೆಲ್ಲಿ, ವಾಪಸ್ಸು ಹೋಗಿದ್ದ. ಆಸ್ಪತ್ರೆಯ ನರ್ಸ್ ಔಷಧಿ ಇಡುವ ಕೋಣೆಯಲ್ಲಿ, ಗ್ಲೂಕೋಸ್ ಬಾಟಲಿಯ ಡಬ್ಬಗಳ ನಡುವೆ ಮಂಚ ಹಾಕಿಕೊಂಡು ಮಲಗುತ್ತಿದ್ದಳು. ಅವಳ ಸೀರೆಗಳೆಲ್ಲ ಸ್ಪಿರಿಟ್ ವಾಸನೆ ಹೊಡೆಯುತ್ತಿದ್ದವು. ಯಾರನ್ನು ಕೇಳಿದರೂ ಒಂದೇ ಉತ್ತರ: "ಮನೆ ಎಲ್ಲಿದೆ ತಾಯಿ, ನಮಗೇ ಇಲ್ಲ." ಕೊನೆಗೆ ನರ್ಸ್ ವರ್ಗಾವಣೆಗೆ ಅರ್ಜಿ ಹಾಕಿದಳು.

ಮೀಟರಕ್ಕನಿಗೆ 'ಮನೆ ಇಲ್ಲ' ಎಂಬ ಈ ಮಾತು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಏಕೆಂದರೆ ಅವಳು ಓದುವ ನಾನೂರ ಹನ್ನೆರಡು ಮೀಟರುಗಳಲ್ಲಿ ನಲವತ್ತೊಂದು ಮೀಟರುಗಳು ವರ್ಷವಿಡೀ ಕದಲುತ್ತಲೇ ಇರಲಿಲ್ಲ. ಆ ನಲವತ್ತೊಂದು ಮನೆಗಳಿಗೂ ಬೀಗ. ಯಂತ್ರದಲ್ಲಿ ಅವಳು ಪ್ರತಿ ಸಲವೂ 'ಬಾಗಿಲು ಹಾಕಿದೆ' ಎಂಬ ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದಳು.

ಹಾಗೆ ಗುಂಡಿ ಒತ್ತಲು ಹೊರಟವಳು ಒಂದು ದಿನ ಎಣ್ಣೆಗಾಣದ ಓಣಿಯ ಕೊನೆಯ ಮನೆಯ ಮುಂದೆ ನಿಂತುಬಿಟ್ಟಳು. ಮುಂಬಾಗಿಲಿಗೆ ತುಕ್ಕು ಹಿಡಿದ ಬೀಗ, ಬೀಗದ ಮೇಲೆ ಜೇಡರ ಬಲೆ. ಆ ಮನೆಯಲ್ಲಿ ಯಾರೂ ಇಲ್ಲದೆ ಆರು ವರ್ಷವಾಗಿತ್ತು. ಆದರೆ ಮೀಟರು ಕಳೆದ ತಿಂಗಳಿಗಿಂತ ಎರಡು ಯೂನಿಟ್ ಮುಂದೆ ಹೋಗಿತ್ತು. ತಾನೇ ತಪ್ಪು ಓದಿರಬೇಕು ಎಂದುಕೊಂಡಳು. ಮುಂದಿನ ತಿಂಗಳು ನೋಡಿದರೆ ಇನ್ನೂ ಮೂರು ಯೂನಿಟ್. ಅದರ ಮುಂದಿನ ತಿಂಗಳು ಮತ್ತೆ ಮೂರು.

"ಇಲಿ ವೈರು ಕಡಿದಿರಬೇಕು" ಎಂದ ಅವಳ ಗಂಡ. ಅವನು ಕ್ಷೌರಿಕ, ಎಲ್ಲ ಸಮಸ್ಯೆಗೂ ಚಿಕ್ಕ ಕತ್ತರಿಯ ಉತ್ತರ ಇಟ್ಟುಕೊಂಡಿರುವ ಮನುಷ್ಯ.

"ಇಲಿ ಕಡಿದರೆ ಒಂದೋ ನಿಲ್ಲಬೇಕು, ಇಲ್ಲ ಓಡಬೇಕು. ಹೀಗೆ ತಿಂಗಳಿಗೆ ಮೂರು ಅಂತ ಲೆಕ್ಕ ಇಟ್ಕೊಂಡು ತಿನ್ನುತ್ತಾ?"

"ದೆವ್ವ ಇರಬಹುದು" ಎಂದಳು ಅತ್ತೆ, ಕೈಯಲ್ಲಿದ್ದ ಬಟಾಣಿ ಸುಲಿಯುತ್ತ.

"ದೆವ್ವಕ್ಕೆ ದೀಪ ಯಾಕತ್ತೆ ಬೇಕು?"

"ಅದೂ ಹೌದು. ಹಾಗಾದ್ರೆ ಯಾರೋ ಓದೋರು. ಮೂರು ಯೂನಿಟ್ ಅಂದ್ರೆ ಒಂದೇ ಬಲ್ಬು, ಸಂಜೆ ಹೊತ್ತು. ನನ್ನ ಸೊಸೆ ನೀನು, ಇಷ್ಟು ನಾನು ಕಲೀಬೇಡವಾ?"

ಆ ಮಾತು ಅವಳ ತಲೆಯಲ್ಲಿ ಕೂತಿತು. ಊರಲ್ಲಿ ಸಂಜೆ ಹೊತ್ತು ಕೂತು ಓದುವವರು ಯಾರು? ಮೂರು ದಿನದ ನಂತರ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನಿಂತಿದ್ದಾಗ ಅದಕ್ಕೆ ಉತ್ತರ ಅವಳ ಕಣ್ಣೆದುರೇ ನಡೆದು ಬಂತು. ಬೆಳಗಿನ ಮೊದಲ ಬಸ್ಸು ಬಂದು ನಿಂತಿತು. ಇಳಿದವರ ಗುಂಪಿನಲ್ಲಿ ಶಾಲೆಯ ಲೆಕ್ಕದ ಮೇಷ್ಟ್ರು ಚೀಲ ನೇತುಹಾಕಿಕೊಂಡು, ಪ್ರಯಾಣದಿಂದ ದಣಿದವರಂತೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ ಶಾಲೆಯ ಕಡೆ ಹೊರಟರು. ಅವರು ಎರಡೂವರೆ ಗಂಟೆ ದೂರದ ಪಟ್ಟಣದಿಂದ ದಿನಾ ಓಡಾಡುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೆ ಆವತ್ತು ಬಸ್ಸಿನಿಂದ ಇಳಿದವರ ಪೈಕಿ ಎಲ್ಲರ ತಲೆಯೂ ಗಾಳಿಗೆ ಕೆದರಿತ್ತು. ಮೇಷ್ಟ್ರ ತಲೆ ಮಾತ್ರ ಒದ್ದೆಯಾಗಿ, ನೀಟಾಗಿ ಬೈತಲೆ ತೆಗೆದಿತ್ತು.

ಅವಳು ಕಂಡಕ್ಟರಿಗೆ ಒಂದು ಚಹಾ ಹೇಳಿದಳು. "ಮೇಷ್ಟ್ರು ಎಲ್ಲಿ ಕೂರ್ತಾರೆ ನಿಮ್ಮ ಬಸ್ಸಲ್ಲಿ?"

ಕಂಡಕ್ಟರ್ ಚಹಾ ಊದಿಕೊಂಡು ಕುಡಿದ. "ಎಲ್ಲೂ ಇಲ್ಲ. ಸೋಮವಾರ ಬಿಟ್ರೆ ಅವರು ನನ್ನ ಬಸ್ಸು ಹತ್ತಿ ನಾಲ್ಕು ತಿಂಗಳಾಯ್ತು. ಆದ್ರೆ ದಿನಾ ಇಳೀತಾರೆ. ನಂಗೂ ಆಶ್ಚರ್ಯಾನೇ. ಕೇಳೋಣ ಅಂದ್ಕೊಂಡೆ, ದೊಡ್ಡವರು, ಹೇಗೆ ಕೇಳೋದು?"

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ಎಣ್ಣೆಗಾಣದ ಓಣಿಗೆ ಹೋಗಿ, ಮನೆಯನ್ನು ಬಳಸಿ ಹಿತ್ತಲಿಗೆ ಬಂದಳು. ಒಣಹಾಕಿದ ಒಂದು ಅಂಗಿ, ಒಂದು ಟವೆಲು. ಹಿಂಬಾಗಿಲು ತಟ್ಟಿದಳು. ಒಳಗೆ ಏನೋ ಬಿದ್ದ ಸದ್ದು. "ಮೇಷ್ಟ್ರೇ, ನಾನು ಮೀಟರಿನೋಳು. ಒಬ್ಬಳೇ ಬಂದಿದೀನಿ" ಎಂದಳು. ಬಾಗಿಲು ತೆರೆಯಿತು. ಮೇಷ್ಟ್ರ ಕೈಯಲ್ಲಿ ಅರ್ಧ ತಿದ್ದಿದ ಪರೀಕ್ಷೆಯ ಹಾಳೆಗಳಿದ್ದವು, ಮುಖ ಅದೇ ಹಾಳೆಯಷ್ಟು ಬಿಳಿಚಿತ್ತು.

"ಒಳಗೆ ಬನ್ನಿ ಅನ್ನೋಕೆ ಇದು ನನ್ನ ಮನೆ ಅಲ್ಲ" ಎಂದರು.

"ನಂದೂ ಅಲ್ಲ. ಹಾಗಾಗಿ ಇಬ್ಬರೂ ಒಳಗೇ ನಿಂತ್ಕೊಳ್ಳೋಣ, ಹೊರಗಡೆ ಬಿಸಿಲು."

ಅವರು ಅಡುಗೆಮನೆಯೊಂದನ್ನೇ ಬಳಸುತ್ತಿದ್ದರು. ಗೋಡೆಗೆ ಒರಗಿಸಿದ ಚಾಪೆ, ಸೀಮೆಎಣ್ಣೆಯ ಒಲೆ, ಎರಡು ಪಾತ್ರೆ, ಕಿಟಕಿಗೆ ಒಳಗಿನಿಂದ ಹೊಡೆದ ರಟ್ಟು. ಬಲ್ಬಿನ ಕೆಳಗೆ ತಲೆಕೆಳಗಾದ ಡಬ್ಬವೇ ಮೇಜು. ಉಳಿದ ಮೂರು ಕೋಣೆಗಳ ಬಾಗಿಲು ಎಳೆದಿತ್ತು. ಅವಳು ಸಂದಿಯಿಂದ ಇಣುಕಿದ ಒಂದು ಕೋಣೆಯಲ್ಲಿ ಹಳೆಯ ಮಂಚವಿತ್ತು, ಅದರ ಮೇಲೆ ಹಾಸಿದ ಬಟ್ಟೆಯ ಧೂಳೂ ಅಲುಗಿರಲಿಲ್ಲ.

"ಹದಿನೇಳು ಮನೆ ಕೇಳಿದೆ" ಎಂದರು ಮೇಷ್ಟ್ರು. "ಎಲ್ಲ ಕಡೆ ಇಲ್ಲ ಅಂದ್ರು. ದಿನಕ್ಕೆ ಐದು ಗಂಟೆ ಬಸ್ಸಲ್ಲಿ. ಮನೆಗೆ ಹೋದಾಗ ಮಗಳು ಮಲಗಿರೋಳು, ಹೊರಟಾಗಲೂ ಮಲಗಿರೋಳು. ಕ್ಲಾಸಲ್ಲಿ ಬೋರ್ಡಿಗೆ ಒರಗಿ ನಾನೇ ನಿದ್ದೆ ಮಾಡಿಬಿಟ್ಟೆ ಒಂದು ದಿನ. ಆವತ್ತು ಮಳೆ ಅಂತ ಈ ಹಿತ್ತಲಲ್ಲಿ ನಿಂತೆ. ಬಾಗಿಲಿಗೆ ಬೆನ್ನು ಕೊಟ್ಟೆ, ಚಿಲಕ ಒಂದೇ ಮೊಳೆಯಲ್ಲಿ ನೇತಾಡ್ತಿತ್ತು, ಕಳಚ್ಕೊಂಡು ಬಂತು. ಒಂದು ರಾತ್ರಿ ಅಂದ್ಕೊಂಡೆ. ಆಮೇಲೆ ವಾರದಲ್ಲಿ ಐದು ರಾತ್ರಿ ಆಯ್ತು, ಶನಿವಾರ ಸಂಜೆ ಮಾತ್ರ ಮನೆಗೆ ಹೋಗ್ತೀನಿ." ಅವರು ಹಾಳೆಗಳನ್ನು ಡಬ್ಬದ ಮೇಲೆ ಇಟ್ಟು ಅಂಚು ಸರಿಮಾಡಿದರು. "ಸೋರ್ತಿದ್ದ ಕಡೆ ಹೆಂಚು ಜೋಡಿಸಿದೀನಿ. ತಪ್ಪಿಗೆ ಅದು ಸಮ ಅಂತ ಹೇಳ್ತಿಲ್ಲ. ಮಾಡಿದೀನಿ ಅಂತ ಹೇಳ್ತಿದೀನಿ ಅಷ್ಟೇ."

"ನಾನು ಹೇಳಲ್ಲ ಮೇಷ್ಟ್ರೇ. ಆದ್ರೆ ಮೀಟರು ಹೇಳುತ್ತೆ, ಅದಕ್ಕೆ ಗುಟ್ಟು ಗೊತ್ತಿಲ್ಲ."

ಮನೆಗೆ ಮರಳುವಾಗ ಅವಳಿಗೆ ಅವರ ತಪ್ಪಿಗಿಂತ ಬೇರೊಂದು ಸಂಗತಿ ಕಾಡುತ್ತಿತ್ತು. ಹದಿನೇಳು ಕಡೆ ಕೇಳಿದ ಮನುಷ್ಯ ಈ ಮನೆಯ ಒಡೆಯರನ್ನು ಕೇಳಿರಲಿಲ್ಲ. ಕೇಳುವುದಾದರೂ ಯಾರನ್ನು? ಬೀಗಕ್ಕೆ ಬಾಯಿಲ್ಲ. ಹಾಗಿದ್ದರೆ ಉಳಿದ ನಲವತ್ತು ಮನೆಗಳ ಒಡೆಯರನ್ನು ಯಾರಾದರೂ ಕೇಳಿದ್ದಾರೆಯೇ?

ಆ ವಾರವೇ ನರ್ಸಿನ ವರ್ಗಾವಣೆ ತಡೆಯುವುದು ಹೇಗೆಂದು ಹಾಲಿನ ಸಂಘದ ಹಜಾರದಲ್ಲಿ ಸಭೆ ಸೇರಿತು. ಸಂಘದ ಕಾರ್ಯದರ್ಶಿ ದಪ್ಪ ಕನ್ನಡಕದ ಮೃದು ಮನುಷ್ಯ. ಹೊಸ ಮನೆ ಕಟ್ಟಿಸಲು ಸರ್ಕಾರಕ್ಕೆ ಬರೆದ ಪತ್ರ, ಅದಕ್ಕೆ ಬಂದ ಉತ್ತರ, ಆ ಉತ್ತರಕ್ಕೆ ಬರೆದ ಪತ್ರ, ಎಲ್ಲವನ್ನೂ ಓದಿದ. ಮೂರನೆಯ ಪತ್ರದ ಹೊತ್ತಿಗೆ ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. "ಒಟ್ಟಿನಲ್ಲಿ ಊರಲ್ಲಿ ಮನೆ ಇಲ್ಲ" ಎಂದು ಅವನು ಮುಗಿಸಿದ.

"ನಲವತ್ತೊಂದು ಇವೆ" ಎಂದಳು ಮೀಟರಕ್ಕ. ಸಭೆಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. "ನಾನು ಯಾರ ಮನೆ ಗುಟ್ಟೂ ಹೇಳ್ತಿಲ್ಲ. ಬೀಗ ಬೀದೀಲಿ ಹೋಗೋ ಎಲ್ಲರಿಗೂ ಕಾಣುತ್ತೆ. ನೀವೂ ಎಣಿಸಿ."

"ಅವು ಕೊಡೋ ಮನೆ ಅಲ್ಲಮ್ಮ, ಅವರು ಕೊಡಲ್ಲ."

"ಯಾರು ಕೇಳಿದ್ರು?"

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದ. ಪಕ್ಕದವನು ತನ್ನ ಪಕ್ಕದವನನ್ನು ನೋಡಿದ. ಯಾರೂ ಕೇಳಿರಲಿಲ್ಲ.

"ಕೊಡಿ ಅಂತಾನೂ ಕೇಳೋದು ಬೇಡ" ಎಂದಳು ಅವಳು. "ಯಾಕೆ ಬೀಗ ಹಾಕಿದೀರಿ ಅಂತ ಮಾತ್ರ ಕೇಳೋಣ. ನಂಗೆ ನಿಜವಾಗ್ಲೂ ಗೊತ್ತಾಗಬೇಕು."

ಹೀಗೆ ಆ ಊರಿನಲ್ಲಿ ಕೇಳುವ ಕೆಲಸ ಶುರುವಾಯಿತು. ವಿಳಾಸಗಳನ್ನು ಅಂಚೆಯವನು ನೆನಪಿನಿಂದ ಹೇಳಿದ, ಕಾರ್ಯದರ್ಶಿ ಸಂಘದ ಫೋನು ಬಿಟ್ಟುಕೊಟ್ಟ, ನರ್ಸ್ ತನ್ನ ಬಿಡುವಿನಲ್ಲಿ ಬಂದು ಕೂತಳು. ಒಬ್ಬರು ಫೋನಿನಲ್ಲಿ ಕೇಳುವುದು, ಉಳಿದವರು ಸುತ್ತ ಕಿವಿ ನೆಟ್ಟು ಕೂರುವುದು. ಮೊದಮೊದಲು ಕಷ್ಟವೆನಿಸಿದ್ದು ವಾರ ಕಳೆಯುವಷ್ಟರಲ್ಲಿ ಕಥೆ ಕೇಳುವಷ್ಟು ರುಚಿ ಹತ್ತಿತು. ಒಬ್ಬೊಬ್ಬರದೂ ಒಂದೊಂದು ಕಾರಣ. ಬಾಡಿಗೆಗೆ ಬಂದವರು ಬಿಟ್ಟು ಹೋಗುವುದಿಲ್ಲ ಎಂಬ ಭಯವೇ ಹೆಚ್ಚಿನವರದು. ಒಬ್ಬಾಕೆ ಅಜ್ಜಿಯ ಸಾಮಾನು ಎಲ್ಲಿಡುವುದೆಂದು ತಿಳಿಯದೆ ಇಡೀ ಮನೆಯನ್ನೇ ಪೆಟ್ಟಿಗೆ ಮಾಡಿ ಬೀಗ ಹಾಕಿದ್ದಳು. ಒಬ್ಬನಿಗೆ ತನಗೆ ಅಲ್ಲೊಂದು ಮನೆಯಿದೆ ಎಂದೇ ಗೊತ್ತಿರಲಿಲ್ಲ, ವಿಷಯ ತಿಳಿದು ಫೋನಿನಲ್ಲೇ ಹೆಂಡತಿಯನ್ನು ಕೂಗಿದ. ಒಬ್ಬ ಹತ್ತು ನಿಮಿಷ ಬೈದ. ಇಬ್ಬರು ಅಣ್ಣತಮ್ಮಂದಿರ ಮನೆಯೊಂದಿತ್ತು. ಅಣ್ಣ "ತಮ್ಮನ್ನ ಕೇಳಿ" ಎಂದ, ತಮ್ಮ "ಅವನನ್ನೇ ಕೇಳಿ" ಎಂದ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ. ಇನ್ನೊಬ್ಬ ಮುದುಕ ತುಸು ಯೋಚಿಸಿ, "ನಂಗೂ ಗೊತ್ತಿಲ್ಲ ಕಣವ್ವ. ಹಾಕಿದ್ದೆ, ತೆಗೀಲಿಲ್ಲ" ಎಂದ. ಆ ಉತ್ತರ ಕೇಳಿ ನರ್ಸ್ ಎಷ್ಟೋ ತಿಂಗಳ ಮೇಲೆ ನಕ್ಕಳು.

ಎಲ್ಲ ಕೇಳಿದ ಮೇಲೆ ಕಾರ್ಯದರ್ಶಿಗೇ ಒಂದು ದಾರಿ ಹೊಳೆಯಿತು. ಮನೆಯನ್ನು ಬಾಡಿಗೆಯವರಿಗೆ ಕೊಡುವುದು ಬೇಡ, ಹಾಲಿನ ಸಂಘಕ್ಕೆ ಐದು ವರ್ಷಕ್ಕೆ ಕೊಡಲಿ. ಸಂಘ ಊರಿನವರ ಕೈಯಿಂದ ರಿಪೇರಿ ಮಾಡಿಸುತ್ತದೆ, ಊರಿಗೆ ಬೇಕಾದವರನ್ನು ಕೈಗೆಟಕುವ ಬಾಡಿಗೆಗೆ ಇರಿಸುತ್ತದೆ, ಅವಧಿ ಮುಗಿದ ದಿನ ಕೀಲಿ ವಾಪಸ್ಸು. "ಮನುಷ್ಯನ್ನ ನಂಬಲ್ಲ ಅಂದ್ರೂ ಜನ ಹಾಲಿನ ಸಂಘಾನ ನಂಬ್ತಾರೆ. ನಲವತ್ತು ವರ್ಷದಿಂದ ನೀರು ಹಾಕಿಲ್ಲವಲ್ಲ" ಎಂದ.

ಎಣ್ಣೆಗಾಣದ ಓಣಿಯ ಮನೆಯವರಿಗೆ ಫೋನು ಮಾಡುವ ಸರದಿ ಬಂದಾಗ ಮೀಟರಕ್ಕನ ಕೈ ತಡೆಯಿತು. ಮನೆ ದೂರದ ನಗರದಲ್ಲಿ ಬಟ್ಟೆಗುಂಡಿಗಳ ಅಂಗಡಿ ಇಟ್ಟಿದ್ದ ಒಬ್ಬಾಕೆಯದು. ತೀರಿಕೊಂಡ ತಮ್ಮನಿಂದ ಬಂದದ್ದು. ಆಕೆ ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಯಾಕೆ ಬೀಗ ಹಾಕಿದೀನಿ ಅಂತ ನಾನೇ ಬಂದು ಹೇಳ್ತೀನಿ. ಗುರುವಾರ" ಎಂದಳು.

ಆ ಸಂಜೆ ಮೀಟರಕ್ಕ ಮೇಷ್ಟ್ರ ಬಳಿ ಓಡಿದಳು. "ಸಾಮಾನು ತೆಗೀರಿ, ನಮ್ಮನೆಗೆ ಬನ್ನಿ. ಚಿಲಕ ನಾನು ಹೊಡೆಸ್ತೀನಿ. ಗೊತ್ತೇ ಆಗಲ್ಲ."

ಮೇಷ್ಟ್ರು ತಲೆಯೆತ್ತಿ ಸೂರಿನ ಕಡೆ ನೋಡಿದರು. "ಹೆಂಚು ಹೇಗೆ ಕೂತಿದೆ ಅಂತ ಅವರು ಕೇಳಿದ್ರೆ?" ಎಂದರು. "ಅದಕ್ಕೂ ಒಂದು ಸುಳ್ಳು ಹೇಳಬೇಕು. ಹತ್ತದ ಬಸ್ಸಿಂದ ದಿನಾ ಇಳಿಯೋದೇ ಸಾಕಾಗಿದೆ."

ಗುರುವಾರ ಬೆಳಿಗ್ಗೆ ಬಸ್ಸಿನಿಂದ ಗುಂಡಿ ಅಂಗಡಿಯಾಕೆ ಇಳಿದಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಮೀಟರಕ್ಕ ಮುಂದೆ ಹೋಗುವ ಮೊದಲೇ ಮೇಷ್ಟ್ರು ಗುಂಪಿನಿಂದ ಹೊರಬಂದು ಆಕೆಯ ಮುಂದೆ ನಿಂತರು.

"ಅಮ್ಮ, ನಾನು ಇಲ್ಲಿಯ ಶಾಲೆಯ ಮೇಷ್ಟ್ರು. ಐದು ತಿಂಗಳಿಂದ ನಿಮ್ಮನ್ನ ಕೇಳದೆ ನಿಮ್ಮ ಮನೇಲಿ ಇದೀನಿ."

ಆಕೆ ಕನ್ನಡಕ ಏರಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಡೀರಿ" ಎಂದಷ್ಟೇ ಹೇಳಿದಳು.

ಮನೆಯೊಳಗೆ ಆಕೆ ಒಂದೊಂದೇ ಕೋಣೆಯನ್ನು ನೋಡುತ್ತ ಹೋದಳು. ಬಾಗಿಲ ಸಂದಿಗೆ ಬೆರಳಿಟ್ಟಳು, ಕಪಾಟು ತೆರೆದಳು, ಮೂಸಿದಳು. ಮಂಚದ ಮುಂದೆ ನಿಂತು, "ಇದರ ಮೇಲೆ ಮಲಗಿದ್ರಾ?" ಎಂದು ಕೇಳಿದಳು.

"ಇಲ್ಲ. ಈ ಕೋಣೆಗೆ ಒಂದೇ ಸಲ ಬಂದದ್ದು, ಸೋರ್ತಿದೆಯಾ ನೋಡೋಕೆ."

"ನನ್ನ ತಮ್ಮ ಇದರ ಮೇಲೇ ಹೋಗಿದ್ದು. ಯಾಕೆ ಬೀಗ ಅಂತ ಕೇಳಿದ್ರಲ್ಲ, ಇದಕ್ಕೇ. ಬೇರೆ ಯಾರೋ ಬಂದು ಇದನ್ನ ಹೊರಗೆ ಹಾಕ್ತಾರೆ ಅನ್ನಿಸ್ತಿತ್ತು." ಆಕೆ ಮಂಚದ ಬಟ್ಟೆಯ ಮೇಲಿನ ಧೂಳಿನಲ್ಲಿ ಒಂದು ಗೆರೆ ಎಳೆದಳು. ಆಮೇಲೆ ತಲೆಯೆತ್ತಿ ಸೂರು ನೋಡಿದಳು. "ಆ ಹೆಂಚು ಯಾರು ಜೋಡಿಸಿದ್ದು?"

"ನಾನೇ."

"ಉಲ್ಟಾ ಜೋಡಿಸಿದೀರಿ. ಮೇಲಿನದು ಕೆಳಗಿನದರ ಅಡಿಗೆ ಹೋಗಿದೆ. ನೀರೆಲ್ಲ ಗೋಡೆಗೆ ಇಳಿಯುತ್ತೆ. ಲೆಕ್ಕದ ಮೇಷ್ಟ್ರಿಗೆ ಮೇಲು ಕೆಳಗು ತಿಳಿಯಲ್ವಾ?"

ಮೀಟರಕ್ಕನಿಗೆ ನಗು ಬಂತು, ನುಂಗಿಕೊಂಡಳು. ಆದರೆ ಆಕೆ ನಗಲಿಲ್ಲ. ಮೇಷ್ಟ್ರ ಕಡೆ ತಿರುಗಿ, ದನಿ ಎತ್ತರಿಸದೆ ಹೇಳಿದಳು: "ನೀವು ಕೆಟ್ಟವರಲ್ಲ, ಅದು ನಂಗೆ ಕಾಣ್ತಿದೆ. ಆದ್ರೆ ಕೇಳದೆ ಬಂದ್ರಿ. ಇವತ್ತೇ ಖಾಲಿ ಮಾಡಿ. ಮುಂದಿನ ಮಾತು ಅದಾದ ಮೇಲೆ."

ಮೇಷ್ಟ್ರು ಚಾಪೆ ಸುತ್ತಿದರು. ಒಲೆ, ಎರಡು ಪಾತ್ರೆ, ಪುಸ್ತಕದ ಚೀಲ, ಎಲ್ಲ ಒಂದೇ ಹೊರೆ. ಮೀಟರಕ್ಕ ಅದನ್ನು ತನ್ನ ಮನೆಯ ಹಿಂಬದಿಯ ಕೋಣೆಗೆ ಸಾಗಿಸಿದಳು. ಅವರ ಕಣ್ಣು ಒದ್ದೆಯಾಗಿದ್ದದ್ದನ್ನು ಕಂಡರೂ ಕಾಣದಂತೆ ಇದ್ದಳು. ಅತ್ತೆ ಮಾತ್ರ ಅವರನ್ನು ಬಾಗಿಲಲ್ಲೇ ತಡೆದು, "ನೀವೇನಾ ಆ ಮೂರು ಯೂನಿಟ್ಟು? ಬನ್ನಿ, ಊಟಕ್ಕೆ ಕೂತ್ಕೊಳ್ಳಿ" ಎಂದಳು.

ಗುಂಡಿ ಅಂಗಡಿಯಾಕೆ ಆ ದಿನವೇ ಹೋಗಲಿಲ್ಲ. ಮೂರು ದಿನ ಉಳಿದಳು. ಅವಳ ತಂದೆ ಸೂರು ಹೊದಿಸುವ ಕೆಲಸದವನಾಗಿದ್ದನಂತೆ, ಹಾಗಾಗಿ ಸೀರೆಯನ್ನು ಎತ್ತಿ ಕಟ್ಟಿ ತಾನೇ ಏಣಿ ಹತ್ತಿದಳು. ಕೆಳಗೆ ನಿಂತ ಕಾರ್ಯದರ್ಶಿ ಹೆದರಿ ಏಣಿಯನ್ನು ಎರಡೂ ಕೈಯಿಂದ ಹಿಡಿದಿದ್ದ. "ಗುಂಡಿ ಮಾರೋರಿಗೆ ಗುಂಡಿಗೆ ಗಟ್ಟಿ ಇರುತ್ತೆ, ಹೆದರಬೇಡಿ" ಎಂದು ಮೇಲಿನಿಂದ ಹೇಳಿದಳು. ಎರಡನೆಯ ದಿನ ಶಾಲೆ ಮುಗಿಸಿ ಬಂದ ಮೇಷ್ಟ್ರು ಓಣಿಯ ತುದಿಯಲ್ಲಿ ನಿಂತು ನೋಡುತ್ತಿದ್ದರು. ಆಕೆ ಅವರನ್ನು ಕಂಡು, "ಅಲ್ಲೇನು ನೋಡ್ತೀರಿ? ಮೇಲೆ ಬಂದು ನೋಡಿ. ಕಲೀದೇ ಇದ್ರೆ ಇನ್ನೊಬ್ಬರ ಮನೇಲೂ ಉಲ್ಟಾ ಜೋಡಿಸ್ತೀರಿ" ಎಂದಳು. ಅವರು ಮೇಲೆ ಹತ್ತಿದರು. ಕತ್ತಲಾಗುವವರೆಗೂ ಮೇಲಿನಿಂದ ಇಬ್ಬರ ಮಾತು ಕೇಳಿಸುತ್ತಿತ್ತು, ಹೆಚ್ಚಿನದು ಆಕೆಯ ಬೈಗುಳವೇ.

ಹೊರಡುವ ದಿನ ಆಕೆ ಕೀಲಿಯನ್ನು ಸಂಘಕ್ಕೆ ಕೊಟ್ಟಳು. "ಐದು ವರ್ಷ. ನರ್ಸಿಗೆ. ಮಂಚ ಆ ಕೋಣೇಲೇ ಇರಲಿ, ಬೇಕಾದ್ರೆ ಅದರ ಮೇಲೆ ಮಲಗಲಿ, ಸುಮ್ಮನೆ ಇಟ್ಕೊಂಡು ಏನು ಮಾಡೋದು."

"ಮೇಷ್ಟ್ರಿಗೆ?" ಎಂದು ಕೇಳಿದಳು ಮೀಟರಕ್ಕ.

"ಅವರಿಗೆ ನಾನು ಮನೆ ಕೊಡಲ್ಲ. ಕೆಲಸ ಕಲಿಸಿದೀನಿ, ಅದು ಸಾಕು."

ಮೀಟರಕ್ಕನಿಗೆ ಆ ಮಾತು ಚುಚ್ಚಿತು. ಐದು ತಿಂಗಳು ಆ ಮನೆಯನ್ನು ಕಾದವರು ಹೊರಗಾದರು ಎನಿಸಿತು. ಅದನ್ನು ಅತ್ತೆಯ ಮುಂದೆ ಆಡಿದಾಗ ಅತ್ತೆ, "ಕಾದರು ಅನ್ನು, ಕದ್ದರು ಅನ್ನು, ಎರಡೂ ಒಂದೇ ಮನೇಲಿ ಆಗಿದ್ದು. ಆ ಯಮ್ಮ ಎರಡನ್ನೂ ನೋಡಿದಾಳೆ" ಎಂದಳು. ಮೇಷ್ಟ್ರು ಮಾತ್ರ ಮೊದಲಿಗಿಂತ ಹಗುರಾಗಿದ್ದರು. ನರ್ಸ್ ಹೊಸ ಮನೆಗೆ ಹೋದ ದಿನ ಅವಳ ಔಷಧಿ ವಾಸನೆಯ ಪೆಟ್ಟಿಗೆಗಳನ್ನು ಹೊತ್ತವರು ಅವರೇ. ವರ್ಗಾವಣೆಯ ಅರ್ಜಿಯನ್ನು ಅವಳು ವಾಪಸ್ಸು ಪಡೆದಳು.

ಎರಡನೆಯದಾಗಿ ಕೈಗೆತ್ತಿಕೊಂಡದ್ದು ಅಣ್ಣತಮ್ಮಂದಿರ ಮನೆ. ಇಬ್ಬರಿಗೂ ಒಂದೇ ಕಾಗದವನ್ನು ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಕಳಿಸಿದರು. ಇಬ್ಬರೂ ಬೇರೆ ಬೇರೆಯಾಗಿಯೇ ಸಹಿ ಮಾಡಿದರು. ಆ ಮನೆಯ ಸೂರು ಅರ್ಧ ಕುಸಿದಿತ್ತು. ಊರಿನವರು ಭಾನುವಾರಗಳಲ್ಲಿ ಬಂದರು. ಕಂಡಕ್ಟರ್ ಒಂದು ವಾರದ ರಜೆ ಹಾಕಿ ಬಂದ, ಕ್ಷೌರಿಕ ಗೋಡೆಗೆ ಸುಣ್ಣ ಬಳಿಯುವಾಗ ಮೂಲೆಗಳನ್ನು ಮೀಸೆ ತಿದ್ದುವಷ್ಟು ನಾಜೂಕಾಗಿ ತಿದ್ದಿದ. ಸೂರಿನ ಮೇಲೆ ಮೇಷ್ಟ್ರು. ಒಂದು ಹೆಂಚೂ ಉಲ್ಟಾ ಇಡದೆ ಆರು ವಾರದಲ್ಲಿ ಹೊದಿಸಿದರು. ಆ ಮನೆಗೆ ಅವರನ್ನೇ ಇರಿಸಬೇಕೆಂದು ಸಂಘ ಒಮ್ಮತದಿಂದ ತೀರ್ಮಾನಿಸಿತು.

ವರ್ಷ ತುಂಬುವ ಹೊತ್ತಿಗೆ ತೆರೆದದ್ದು ಒಂಬತ್ತು ಮನೆ. ಹದಿನಾಲ್ಕು ಮಂದಿ ಖಡಾಖಂಡಿತವಾಗಿ ಇಲ್ಲವೆಂದರು. ಒಂದು ಮನೆ ಕಾಗದಪತ್ರ ಮುಗಿಯುವ ಮೊದಲೇ ಮಳೆಗೆ ಬಿದ್ದುಹೋಯಿತು. ಉಳಿದವರು ಇನ್ನೂ ಯೋಚಿಸುತ್ತಿದ್ದರು. ತೆರೆದ ಮನೆಗಳ ಪೈಕಿ ಒಂದರಲ್ಲಿ ಹೊಸ ಪಶುವೈದ್ಯ ಬಂದು ಕೂತ, ಎರಡರಲ್ಲಿ ಊರಿನದೇ ಹೊಸದಾಗಿ ಮದುವೆಯಾದವರು. ಮೀಟರಕ್ಕ ಬಿಡುವಿದ್ದಾಗಲೆಲ್ಲ ಸಂಘಕ್ಕೆ ಹೋಗಿ ಇನ್ನೂ ಒಂದೆರಡು ಫೋನು ಮಾಡುತ್ತಿದ್ದಳು. ಹತ್ತು ನಿಮಿಷ ಬೈದಿದ್ದವನಿಗೂ ಮಾಡಿದಳು. ಈ ಸಲ ಅವನು ಐದೇ ನಿಮಿಷ ಬೈದ.

ಹೆಂಡತಿ ಮಗಳು ಬರುವವರೆಗೆ ಮೇಷ್ಟ್ರು ಮೀಟರಕ್ಕನ ಮನೆಯ ಹಿಂಬದಿಯ ಕೋಣೆಯಲ್ಲೇ ಉಳಿದಿದ್ದರು. ಒಂದು ಮಧ್ಯಾಹ್ನ ಅವರಿಬ್ಬರೂ ಸಾಮಾನಿನ ಲಾರಿಯಲ್ಲಿ ಬಂದರು. ಮೀಟರಕ್ಕ, ಅತ್ತೆ, ನರ್ಸ್ ಮೂವರೂ ಇಳಿಸಿಕೊಳ್ಳಲು ಹೋಗಿದ್ದರು. ಹೆಂಡತಿ ಮಿತಭಾಷಿ. ಪಾತ್ರೆ ಪಗಡಗಳ ಕಡೆ ನೋಡದೆ ಮೊದಲು ಮನೆಯನ್ನು ಒಂದು ಸುತ್ತು ಹಾಕಿದಳು. ಮಗಳು, ಎಂಟು ವರ್ಷದವಳು, ಪ್ರತಿ ಕೋಣೆಯ ನಡುವೆ ನಿಂತು ಒಂದು ಸಲ ಕೂಗಿ ಯಾವುದರಲ್ಲಿ ಹೆಚ್ಚು ಮಾರ್ದನಿ ಬರುತ್ತದೆಂದು ಪರೀಕ್ಷಿಸಿದಳು.

"ಇದರಲ್ಲಿ ಬೆಳಗಿನ ಬಿಸಿಲು ಯಾವ ಕೋಣೆಗೆ ಬರುತ್ತೆ?" ಎಂದು ಹೆಂಡತಿ ಕೇಳಿದಳು.

ಮೇಷ್ಟ್ರು ಮುಂದಿನ ಕೋಣೆ ಎಂದರು. ನರ್ಸ್ ಅಡುಗೆಮನೆ ಎಂದಳು. ಅತ್ತೆ ಇಬ್ಬರೂ ತಪ್ಪೆಂದಳು. ಆರು ವಾರ ಅದೇ ಸೂರಿನ ಕೆಳಗೆ ಮೇಲೆ ಓಡಾಡಿದವರಲ್ಲಿ ಯಾರೂ ಸೂರ್ಯ ಹುಟ್ಟುವ ಹೊತ್ತಿಗೆ ಆ ಮನೆಯೊಳಗೆ ಇದ್ದಿರಲಿಲ್ಲ. ಮೀಟರಕ್ಕ ಕಿಟಕಿಯಿಂದ ಕಿಟಕಿಗೆ ಹೋಗಿ, ಎದುರುಮನೆಯ ಗೋಡೆ ನೋಡಿ, ಬೆರಳಲ್ಲಿ ದಿಕ್ಕು ಲೆಕ್ಕ ಹಾಕಿ, ಕೊನೆಗೆ ತಲೆ ಕೆರೆದುಕೊಂಡಳು.

"ಸರಿ ಬಿಡಿ" ಎಂದಳು ಹೆಂಡತಿ, ಚಾಪೆಯನ್ನು ನಡುಮನೆಯಲ್ಲಿ ಹಾಸುತ್ತ. "ಇವತ್ತು ಇಲ್ಲೇ ಮಲಗೋಣ. ನಾಳೆ ನೋಡಿದ್ರಾಯ್ತು."

"ನಾಳೆ ಬೆಳಿಗ್ಗೆ ನಾನೂ ಬರ್ತೀನಿ" ಎಂದಳು ಮೀಟರಕ್ಕ.